ಬೆನ್ನಿನ ಸೂಜಿ ಹಾಕಿಸಿದರೆ ಜ್ವರ ಬರುತ್ತದೆಯೇ? ಸೇಡಂನ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ. ಚೊಚ್ಚಲು ಬಸಿರು, ಈಗ ಎಂಟು ತಿಂಗಳು. ಕುಬಸ ಮುಗಿಸಿಕೊಂಡು ತವರಿಗೆ, ಸೇಡಂಗೆ ಬಂದಿದ್ದೇನೆ. ಹೆರಿಗೆ ಕಲಬುರಗಿಯಲ್ಲಿ ಮಾಡಿಸಬೇಕು ಎಂದುಕೊಂಡಿದ್ದೇವೆ. ದಿನ ಕೊಟ್ಟಿರುವುದು ಏಪ್ರಿಲ್ ಕೊನೆಗೆ. ಹೋದ ವರ್ಷ ನಮ್ಮ ಅಕ್ಕನಿಗೆ ಬೆನ್ನಿಗೆ ಎಪಿಡ್ಯೂರಲ್ ಕೊಟ್ಟಿದ್ದರು. ನೋವು ಪೂರ್ತಿ ಇಳಿದು ಅವಳು ನಿದ್ದೆಯನ್ನೂ ಮಾಡಿದಳು. ಆದರೆ ಏಳೆಂಟು ತಾಸಿನ ನಂತರ 101 ಡಿಗ್ರಿ ಜ್ವರ ಬಂತು. ಹೆರಿಗೆ ಆದ ಮೇಲೆ ಕೂಸನ್ನು ಎರಡು ದಿನ ಗ್ಲಾಸಿನಲ್ಲಿ ಇಟ್ಟು ಆಂಟಿಬಯೋಟಿಕ್ ಕೊಟ್ಟರು. ಈಗ ತಾಯಿ ಮಗು ಇಬ್ಬರೂ ಆರಾಮ ಇದ್ದಾರೆ. ನಮ್ಮ ಅತ್ತೆ ಮಾತ್ರ, "ಬೆನ್ನಾಗ ಸೂಜಿ ಹಾಕ್ಸಿದ್ರ ನಂಜ ಏರ್ತದ, ಜೀವನಪೂರ್ತಿ ಸೊಂಟ ನೋಯ್ತದ, ಬ್ಯಾಡೇ ಬ್ಯಾಡ. ಬ್ಯಾನಿ ತಿಂದೇ ಹಡೀಬೇಕು" ಅನ್ನುತ್ತಾರೆ. ನನಗೆ ನೋವಿನ ಹೆದರಿಕೆ ಜಾಸ್ತಿ. ಕೂಸಿನ ಹೆದರಿಕೆ ಅದಕ್ಕಿಂತ ಜಾಸ್ತಿ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ ತಂಗಿ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಎಪಿಡ್ಯೂರಲ್ ತೆಗೆದುಕೊಂಡ ಕೆಲವರಿಗೆ ಹೆರಿಗೆ ಹೊತ್ತಿನಲ್ಲಿ ಜ್ವರ ಬರುತ್ತದೆ. "ಹಾಗೇನೂ ಆಗುವುದಿಲ್ಲ" ಎಂದು ಯಾರಾದರೂ ಧೈರ್ಯ ಹೇಳಿದ್ದರೆ ಆ ಧೈರ್ಯ ಸರಿಯಾದದ್ದಲ್ಲ. ಆದರೆ ಆ ಜ್ವರ ಬಹಳಷ್ಟು ಸಲ ನಂಜಿನಿಂದ ಬಂದಿರುವುದಿಲ್ಲ. ಅಕ್ಕನ ಕೂಸನ್ನು ಯಾಕೆ ಎರಡು ದಿನ ಇಟ್ಟುಕೊಂಡರು ಎನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ನಾನು ಅರಿವಳಿಕೆ ವೈದ್ಯೆ. ಕಲಬುರಗಿಯ ಹೆರಿಗೆ ಕೋಣೆಗಳಲ್ಲಿ ಹಗಲು ರಾತ್ರಿ ಈ ಸೂಜಿ ಹಾಕುವುದೇ ನನ್ನ ಕೆಲಸ. ನೋಡಿದ್ದನ್ನು ನೋಡಿದ ಹಾಗೇ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಕಡೆ "ಬೆನ್ನಿನ ಸೂಜಿ" ಅಂದರೆ ಎರಡು ಬೇರೆ ಬೇರೆ ಸೂಜಿಗಳಿಗೂ ಒಂದೇ ಹೆಸರು. ಸಿಸೇರಿಯನ್‌ಗೆ ಸಾಮಾನ್ಯವಾಗಿ ಕೊಡುವುದು ಸ್ಪೈನಲ್. ಅದು ಸಣ್ಣ ಸೂಜಿ, ಒಂದೇ ಸಲ ಔಷಧಿ. ಸೊಂಟದ ಕೆಳಗೆ ಪೂರ್ತಿ ಜೋಮು ಹಿಡಿಯುತ್ತದೆ, ಕೆಲವು ತಾಸಿನಲ್ಲಿ ಬಿಡುತ್ತದೆ. ಎಪಿಡ್ಯೂರಲ್ ಹಾಗಲ್ಲ. ಬೆನ್ನುಹುರಿಯನ್ನು ಸುತ್ತಿಕೊಂಡ ಪೊರೆಯ ಹೊರಗಡೆ, ಸೊಂಟದ ಮಟ್ಟದಲ್ಲಿ, ದಪ್ಪ ದಾರದಂಥ ಒಂದು ಮೆತ್ತನೆಯ ನಳಿಕೆ ಬಿಟ್ಟು ಸೂಜಿಯನ್ನು ಹೊರಗೆ ತೆಗೆದುಬಿಡುತ್ತೇವೆ. ಆ ನಳಿಕೆಯಲ್ಲಿ ಬುಪಿವಕೇನ್‌ನಂಥ ಜೋಮಿನ ಔಷಧಿಯನ್ನು ಬಹಳ ತೆಳುವಾಗಿ, ಫೆಂಟನಿಲ್ ಎಂಬ ನೋವಿನ ಔಷಧಿ ಸ್ವಲ್ಪ ಸೇರಿಸಿ, ಹೆರಿಗೆ ಆಗುವ ತನಕ ಕೊಡುತ್ತೇವೆ. ನೋವು ಇಳಿಯುತ್ತದೆ, ಕಾಲು ಆಡುತ್ತವೆ. ಬ್ಯಾನಿ ಬಂದಾಗ ಹೊಟ್ಟೆ ಬಿಗಿಯುವುದು ಗೊತ್ತಾಗುತ್ತದೆ. ನೀವು ಕೇಳುತ್ತಿರುವ ಜ್ವರ ಈ ಎರಡನೆಯದರ ಜೊತೆ ಬರುವಂಥದ್ದು.

ಈಗ ಜ್ವರದ ವಿಷಯ. ಇಲ್ಲಿ ಜ್ವರ ಅಂದರೆ 38 ಡಿಗ್ರಿ ಸೆಲ್ಸಿಯಸ್, ನಮ್ಮ ಮನೆಯ ಥರ್ಮಾಮೀಟರ್‌ನಲ್ಲಿ 100.4, ಅಥವಾ ಅದಕ್ಕಿಂತ ಮೇಲೆ. ಎಪಿಡ್ಯೂರಲ್ ತೆಗೆದುಕೊಂಡವರ ಮೈ ಬಿಸಿಯಾಗುವುದನ್ನು ಮೊದಲು ಗುರುತಿಸಿ ಬರೆದದ್ದು 1989ರಲ್ಲಿ, ಲಂಡನ್ನಿನ ವೈದ್ಯರು. ಆಗ ಬಹಳ ಜನ ನಂಬಲಿಲ್ಲ. ಉದ್ದ ಹೆರಿಗೆ, ಜಾಸ್ತಿ ನೋವು ಇರುವವರೇ ಈ ಸೂಜಿ ಕೇಳುತ್ತಾರೆ, ಉದ್ದ ಹೆರಿಗೆಯಲ್ಲಿ ಜ್ವರ ಹೇಗಿದ್ದರೂ ಜಾಸ್ತಿ, ಅದಕ್ಕೆ ಸೂಜಿಯನ್ನು ಯಾಕೆ ದೂರಬೇಕು ಅಂದರು. ಕೇಳಬೇಕಾದ ಪ್ರಶ್ನೆಯೇ ಅದು. ಆಮೇಲೆ ಚೀಟಿ ಎತ್ತಿದ ಹಾಗೆ ಒಂದು ಗುಂಪಿಗೆ ಎಪಿಡ್ಯೂರಲ್, ಇನ್ನೊಂದು ಗುಂಪಿಗೆ ಬೇರೆ ನೋವಿನ ಔಷಧಿ ಕೊಟ್ಟು ನೋಡಿದರು. ಆಗಲೂ ಎಪಿಡ್ಯೂರಲ್ ಗುಂಪಿನಲ್ಲೇ ಜ್ವರ ಜಾಸ್ತಿ ಬಂತು. ಸಾಮಾನ್ಯವಾಗಿ 100 ಜನರಲ್ಲಿ 15ರಿಂದ 25 ಜನರಿಗೆ ಬರುತ್ತದೆ ಎಂದು ಲೆಕ್ಕ. ಉಳಿದವರಿಗೆ ಜ್ವರ ಬರುವುದೇ ಇಲ್ಲ.

ಯಾರಿಗೆ ಬರುತ್ತದೆ? ಚೊಚ್ಚಲು ಹೆರಿಗೆಯವರಿಗೆ ಜಾಸ್ತಿ. ಬ್ಯಾನಿ ಉದ್ದ ಎಳೆದವರಿಗೆ ಜಾಸ್ತಿ. ನಳಿಕೆ ಹಾಕಿದ ಮೊದಲ ನಾಲ್ಕೈದು ತಾಸಿನಲ್ಲಿ ಬರುವುದು ಕಡಿಮೆ, ಹೊತ್ತು ಹೋದಷ್ಟೂ ಸಾಧ್ಯತೆ ಏರುತ್ತದೆ. ನಿಮ್ಮ ಅಕ್ಕನಿಗೆ ಏಳೆಂಟು ತಾಸಿಗೆ ಬಂದದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ. ಎರಡನೆಯ, ಮೂರನೆಯ ಹೆರಿಗೆಯವರು ಬೇಗ ಹಡೆಯುತ್ತಾರೆ. ಅವರಲ್ಲಿ ಇದನ್ನು ನೋಡುವುದೇ ಅಪರೂಪ.

ಯಾಕೆ ಬರುತ್ತದೆ? ಒಂದು ಸಣ್ಣ ಕಾರಣ ಮೈಯ ಬಿಸಿ ಹೊರಗೆ ಹೋಗುವ ದಾರಿಯದು. ಬ್ಯಾನಿ ಬಂದಾಗ ಹೆಂಗಸು ಜೋರಾಗಿ ಉಸಿರಾಡುತ್ತಾಳೆ, ಬೆವರುತ್ತಾಳೆ. ನೋವು ಹೋದರೆ ಆ ಏದುಸಿರು ನಿಲ್ಲುತ್ತದೆ, ಜೋಮು ಹಿಡಿದ ಕಾಲುಗಳು ಬೆವರುವುದೂ ಕಡಿಮೆಯಾಗುತ್ತದೆ. ಆದರೆ ಇಷ್ಟರಿಂದಲೇ 101 ಬರುವುದಿಲ್ಲ. ದೊಡ್ಡ ಕಾರಣ ಇನ್ನೊಂದು. ಗಾಯ ಆದ ಜಾಗ ಕೆಂಪಾಗಿ ಬಿಸಿಯಾಗುತ್ತದೆ, ಅಲ್ವಾ? ಅಲ್ಲಿ ಕ್ರಿಮಿ ಇರಲೇಬೇಕು ಅಂತಿಲ್ಲ, ಬರೀ ಪೆಟ್ಟು ಬಿದ್ದರೂ ಬಿಸಿಯಾಗುತ್ತದೆ. ಹೆರಿಗೆ ಹೊತ್ತಿನಲ್ಲಿ ದೇಹ ಮೊದಲೇ ಅಂಥ ಸ್ಥಿತಿಯಲ್ಲಿ ಇರುತ್ತದೆ. ಜೋಮಿನ ಔಷಧಿ ಅದನ್ನು ಕೆಲವರಲ್ಲಿ ಇನ್ನಷ್ಟು ಕೆರಳಿಸುತ್ತದೆ. ಜ್ವರ ಏರಿಸುವ ಇಂಟರ್‌ಲ್ಯೂಕಿನ್-6 ಎಂಬ ವಸ್ತು ರಕ್ತದಲ್ಲಿ ಹೆಚ್ಚುತ್ತದೆ. ಕ್ರಿಮಿಯಿಲ್ಲದ ಉರಿ ಎನ್ನಬಹುದು ಇದನ್ನು. ಇದು ನಂಜಲ್ಲ ಎನ್ನುವುದಕ್ಕೆ ನನಗೆ ಬಲವಾಗಿ ಕಾಣುವ ಸಾಕ್ಷಿ 2014ರ ಒಂದು ಪ್ರಯೋಗ. ಎಪಿಡ್ಯೂರಲ್ ಹಾಕುವಾಗಲೇ ಒಂದು ಗುಂಪಿಗೆ ಆಂಟಿಬಯೋಟಿಕ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಎರಡರಲ್ಲೂ ಜ್ವರ ಸರಿಸುಮಾರು ಅಷ್ಟೇ ಬಂತು. ನಂಜೇ ಕಾರಣವಾಗಿದ್ದರೆ ಔಷಧಿ ಸಿಕ್ಕ ಗುಂಪಿನಲ್ಲಿ ಕಡಿಮೆ ಆಗಬೇಕಿತ್ತು.

ಹಾಗಾದರೆ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟುಬಿಟ್ಟರೆ ಆಗುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಕೊಟ್ಟು ನೋಡಿದ್ದಾರೆ, ಜ್ವರ ಬರುವುದನ್ನು ಅದು ತಡೆಯಲಿಲ್ಲ. ಸ್ಟೀರಾಯ್ಡ್ ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಜ್ವರ ಬಹಳ ಕಡಿಮೆಯಾಯಿತು, ಆದರೆ ಹುಟ್ಟಿದ ಕೂಸುಗಳ ರಕ್ತದಲ್ಲಿ ಕ್ರಿಮಿ ಕಾಣಿಸಿಕೊಳ್ಳುವುದು ಹೆಚ್ಚಾಯಿತು. ಅದನ್ನು ಬಿಟ್ಟುಬಿಟ್ಟರು. ಅಂದರೆ ಖಚಿತವಾಗಿ ತಡೆಯುವ ಔಷಧಿ ಈಗ ನಮ್ಮ ಕೈಯಲ್ಲಿ ಇಲ್ಲ. ಔಷಧಿಯನ್ನು ತೆಳುವಾಗಿ ಕೊಡುವುದು, ಒಂದೇ ಸಮ ಹರಿಸುವ ಬದಲು ಪಂಪಿನಿಂದ ಬಿಟ್ಟು ಬಿಟ್ಟು ಕೊಡುವುದು, ಇವುಗಳಿಂದ ಜ್ವರ ಕಡಿಮೆಯಾದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ನಾವು ಮಾಡಬಹುದಾದದ್ದು ಅಷ್ಟು.

ಇಲ್ಲಿಂದ ಮುಂದಿನದು ನಿಜವಾಗಿ ಕಷ್ಟದ ಭಾಗ. ಸ್ವಲ್ಪ ನಿಧಾನವಾಗಿ ಓದಿ.

ಹೆರಿಗೆ ಹೊತ್ತಿನಲ್ಲಿ ನಿಜವಾದ ನಂಜೂ ಆಗುತ್ತದೆ. ನೀರು ಒಡೆದು 18 ತಾಸು ದಾಟಿದರೆ, ಒಳಗೆ ಕೈ ಹಾಕಿ ನೋಡುವುದು ಜಾಸ್ತಿಯಾದರೆ, ಕ್ರಿಮಿಗಳು ಮೇಲೇರಿ ಕೂಸಿನ ಚೀಲಕ್ಕೆ ಹೋಗುತ್ತವೆ. ಅದು ತಾಯಿಗೂ ಅಪಾಯ, ಕೂಸಿಗೂ ಅಪಾಯ. ಬೆಳಗಿನ ಜಾವ ಮೂರು ಗಂಟೆಗೆ ಮಂಚದ ಮೇಲೆ ಮಲಗಿದ ಹೆಂಗಸಿಗೆ 101 ಇದೆ ಎಂದುಕೊಳ್ಳಿ. ಇದು ಸೂಜಿಯ ಜ್ವರವೋ, ನಂಜಿನ ಜ್ವರವೋ? ಆ ಹೊತ್ತಿಗೆ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಬಿಳಿ ರಕ್ತಕಣ ನೋಡೋಣ ಅಂದರೆ, ಅವು ಬ್ಯಾನಿಯಲ್ಲಿ ತಾವಾಗಿಯೇ ಏರಿರುತ್ತವೆ. ಹೊಟ್ಟೆ ಮುಟ್ಟಿದರೆ ನೋಯುತ್ತದೆಯೇ ನೋಡೋಣ ಅಂದರೆ, ಎಪಿಡ್ಯೂರಲ್ ಆ ನೋವನ್ನೇ ಮುಚ್ಚಿಬಿಟ್ಟಿರುತ್ತದೆ. ಉಳಿಯುವುದು ಕೂಸಿನ ಎದೆಬಡಿತ, ಹೋಗುತ್ತಿರುವ ನೀರಿನ ವಾಸನೆ ಮತ್ತು ಬಣ್ಣ, ತಾಯಿಯ ನಾಡಿ, ನೀರು ಒಡೆದು ಎಷ್ಟು ಹೊತ್ತಾಯಿತು ಎನ್ನುವ ಲೆಕ್ಕ. ಜ್ವರದಿಂದಲೇ ಕೂಸಿನ ಎದೆಬಡಿತ ನಿಮಿಷಕ್ಕೆ 160 ದಾಟುವುದುಂಟು, ಹಾಗಾಗಿ ಅದೂ ಪೂರ್ತಿ ನಂಬುವಂಥದ್ದಲ್ಲ.

ಒಮ್ಮೆ ಬ್ಯಾನಿಯಲ್ಲಿದ್ದ ಒಬ್ಬರಿಗೆ 100.8 ಬಂದಿತ್ತು. ಎಪಿಡ್ಯೂರಲ್ ಹಾಕಿ ಆರು ತಾಸಾಗಿತ್ತು. ಇದು ಸೂಜಿಯದೇ ಇರಬೇಕು ಎಂದು ನನಗೂ ಅನಿಸಿತು. ಅರ್ಧ ತಾಸು ಬಿಟ್ಟು ಮತ್ತೆ ನೋಡಿದಾಗ 101.6, ಕೂಸಿನ ಎದೆಬಡಿತ 180, ನೀರಿಗೆ ಕೆಟ್ಟ ವಾಸನೆ. ಅದು ನಂಜೇ ಆಗಿತ್ತು. ಔಷಧಿ ತಕ್ಷಣ ಶುರು ಮಾಡಿದ್ದರಿಂದ ಇಬ್ಬರೂ ಪಾರಾದರು. ಅಂದಿನಿಂದ "ಸೂಜಿಯ ಜ್ವರ, ಬಿಡಿ" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅದಕ್ಕೇ ಅನುಮಾನ ಬಂದರೆ ನಂಜು ಎಂದೇ ತಿಳಿದು ಆಂಟಿಬಯೋಟಿಕ್ ಕೊಡುತ್ತೇವೆ. ಹೆಚ್ಚಾಗಿ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ಹುಟ್ಟಿದ ಕೂಸಿನ ರಕ್ತವನ್ನು ಕಲ್ಚರ್‌ಗೆ ಕಳಿಸುತ್ತಾರೆ. ಕ್ರಿಮಿ ಇದ್ದರೆ ಅದು ಬೆಳೆಯಲು ಹೊತ್ತು ಬೇಕು. ಸಾಮಾನ್ಯವಾಗಿ 48 ತಾಸು ಕಾಯುತ್ತಾರೆ. ಅಕ್ಕನ ಕೂಸು ಗ್ಲಾಸಿನಲ್ಲಿದ್ದ ಎರಡು ದಿನ ಬಹುಶಃ ಈ 48 ತಾಸು. ಕೂಸಿಗೆ ಕಾಯಿಲೆ ಇತ್ತು ಎನ್ನುವುದಕ್ಕಿಂತ, ಕಾಯಿಲೆ ಇಲ್ಲ ಎಂದು ಗಟ್ಟಿ ಮಾಡಿಕೊಳ್ಳಲು ಇಟ್ಟಿದ್ದರು ಎನ್ನುವ ಸಾಧ್ಯತೆಯೇ ಜಾಸ್ತಿ. ಹಡೆದ ತಾಯಿಗೆ ಆ ಎರಡು ದಿನ ಎಷ್ಟು ಉದ್ದ ಅನ್ನುವುದು ನನಗೆ ಗೊತ್ತು. ಕೂಸು ಮಡಿಲಲ್ಲಿ ಇಲ್ಲ, ಹಾಲು ಕಟ್ಟಿಕೊಂಡಿದೆ, ಯಾರೂ ಬಿಡಿಸಿ ಹೇಳುವುದಿಲ್ಲ. ಎಪಿಡ್ಯೂರಲ್‌ನ ನಷ್ಟ ಎಣಿಸುವಾಗ ಇದನ್ನೂ ಎಣಿಸಬೇಕು. ನಿಮಗೂ ಹೀಗಾದರೆ ಹಾಲು ಹಿಂಡಿ ಕಳಿಸಲು ಕೇಳಿ, ಕೂಸನ್ನು ನೋಡಲು ಬಿಡಿ ಎಂದು ಕೇಳಿ.

ಜ್ವರದಿಂದ ಕೂಸಿಗೇ ತೊಂದರೆ ಆಗುತ್ತದೆಯೇ? ಸ್ವಲ್ಪ ಜ್ವರ, ಸ್ವಲ್ಪ ಹೊತ್ತು ಇದ್ದರೆ ಬಹಳಷ್ಟು ಕೂಸುಗಳು ಏನೂ ಆಗದೆ ಹುಟ್ಟುತ್ತವೆ. ತಾಯಿಯ ಮೈ ಬಹಳ ಸುಟ್ಟರೆ ಕೂಸು ಹುಟ್ಟುವಾಗ ಸುಸ್ತಾಗಿ, ಮೆತ್ತಗೆ ಇರಬಹುದು. ಸ್ವಲ್ಪ ಹೊತ್ತು ಆಮ್ಲಜನಕ ಬೇಕಾಗಬಹುದು. ಫಿಟ್ಸ್ ಬರುವುದು ಅಪರೂಪ, ಆದರೆ ತಾಯಿಗೆ ಜೋರು ಜ್ವರ ಇದ್ದಾಗ ಆ ಅಪಾಯ ಏರುತ್ತದೆ. ಆದ್ದರಿಂದ ಜ್ವರ ಯಾವ ಕಾರಣದ್ದೇ ಆಗಲಿ, ಇಳಿಸಲೇಬೇಕು. ಬಂದ ಮೇಲೆ ಪ್ಯಾರಾಸಿಟಮಾಲ್ ಕೊಡುತ್ತೇವೆ, ಸಲೈನ್ ಹಚ್ಚುತ್ತೇವೆ, ಮೈ ಒರೆಸುತ್ತೇವೆ. ಎಪಿಡ್ಯೂರಲ್‌ನಿಂದ ಮಗುವಿಗೆ ಆಟಿಸಂ ಬರುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. 2020ರಲ್ಲಿ ಅಮೆರಿಕದ ಒಂದು ಅಧ್ಯಯನ ಅಂಥ ಅನುಮಾನ ಎತ್ತಿತ್ತು. ಮರುವರ್ಷವೇ ಡೆನ್ಮಾರ್ಕ್‌ನಲ್ಲಿ ಲಕ್ಷಗಟ್ಟಲೆ ಮಕ್ಕಳ ದಾಖಲೆ ನೋಡಿದಾಗ ಅಂಥ ನಂಟು ಸಿಗಲಿಲ್ಲ.

ನಿಮ್ಮ ದಿನ ಏಪ್ರಿಲ್ ಕೊನೆಗೆ ಬೀಳುತ್ತದೆ. ಆಗ ಕಲಬುರಗಿ ಬಿಸಿಲು 42 ದಾಟುವುದು ಹೊಸದಲ್ಲ. ಕೋಣೆ ಸೆಕೆಯಾಗಿದ್ದು, ನೀರೂ ಕುಡಿಯದಿದ್ದರೆ ಯಾರ ಮೈಯಾದರೂ ಬಿಸಿಯಾಗುತ್ತದೆ. ನಮ್ಮಲ್ಲಿ ಇನ್ನೊಂದು ರೂಢಿ ಇದೆ. ಎಪಿಡ್ಯೂರಲ್ ಹಾಕಿದ ಮೇಲೆ ಕೆಲವರಿಗೆ ನಡುಕ ಬರುತ್ತದೆ. ಅದು ಜ್ವರವಲ್ಲ, ಸಾಮಾನ್ಯ ಸಂಗತಿ. ಜೊತೆಗಿದ್ದವರು ಗಾಬರಿಯಾಗಿ ಫ್ಯಾನ್ ಬಂದ್ ಮಾಡಿ, ಎರಡು ಕೌದಿ ಹೊದಿಸಿ, ತಲೆಗೆ ಸ್ಕಾರ್ಫ್ ಕಟ್ಟಿಬಿಡುತ್ತಾರೆ. ಒಂದು ತಾಸಿಗೆ ಮೈ ನಿಜವಾಗಿಯೂ ಬಿಸಿಯಾಗಿರುತ್ತದೆ. ಅವ್ವನಿಗೂ ಅತ್ತೆಗೂ ಇದನ್ನು ಮೊದಲೇ ಹೇಳಿಡಿ. ತೆಳು ಹೊದಿಕೆ ಸಾಕು, ಗಾಳಿ ಆಡಲಿ, ಡಾಕ್ಟರು ಒಪ್ಪಿದರೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಬಿಸಿ ಚಹಾ ಅಥವಾ ತಣ್ಣೀರು ಕುಡಿದ ಕೂಡಲೇ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ಲೆಕ್ಕ ತಪ್ಪುತ್ತದೆ. ಕಾಲು ತಾಸು ಬಿಟ್ಟು ಇಡಬೇಕು. ಕಂಕುಳಲ್ಲಿ ಇಟ್ಟರೆ ನಿಜವಾದ ಬಿಸಿಗಿಂತ ಕಡಿಮೆ ತೋರಿಸುತ್ತದೆ.

ಸೊಂಟ ನೋವಿನ ಮಾತಿಗೆ ಬರುತ್ತೇನೆ. ಸೂಜಿ ಹಾಕಿದ ಜಾಗ ನಾಲ್ಕಾರು ದಿನ ನೋಯುತ್ತದೆ, ಅದು ನಿಜ. ವರ್ಷಗಟ್ಟಲೆ ನೋವು ಈ ಸೂಜಿಯಿಂದ ಬರುತ್ತದೆ ಎನ್ನುವುದು ಪರೀಕ್ಷೆಯಲ್ಲಿ ನಿಂತಿಲ್ಲ. ಎಪಿಡ್ಯೂರಲ್ ಪಡೆದವರು, ಪಡೆಯದವರು ಇಬ್ಬರನ್ನೂ ಹೋಲಿಸಿದಾಗ ಮುಂದೆ ಸೊಂಟ ನೋವು ಇಬ್ಬರಲ್ಲೂ ಒಂದೇ ಪ್ರಮಾಣದಲ್ಲಿತ್ತು. ಬಸಿರಲ್ಲೇ ಸೊಂಟದ ಕೀಲುಗಳು ಸಡಿಲಾಗಿರುತ್ತವೆ, ಆಮೇಲೆ ಬಗ್ಗಿ ಕೂಸು ಎತ್ತುವುದು, ಕೊಡ ಹೊರುವುದು, ಕೂತು ಹಾಲು ಕುಡಿಸುವುದು. ನೋವಿಗೆ ಕಾರಣ ಅಲ್ಲಿದೆ. ಸಿಸೇರಿಯನ್ ಜಾಸ್ತಿ ಆಗುತ್ತದೆ ಎಂಬ ಮಾತೂ ಹಾಗೆಯೇ. 11 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 40 ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆ 2018ರಲ್ಲಿ ಕೊಟ್ಟ ವರದಿಯಲ್ಲಿ ಸಿಸೇರಿಯನ್ ಹೆಚ್ಚಾದದ್ದು ಕಾಣಲಿಲ್ಲ. ಮುಕ್ಕುವ ಹೊತ್ತು ಸ್ವಲ್ಪ ಉದ್ದವಾಗಬಹುದು. ಹಿಂದೆ ಔಷಧಿಯನ್ನು ಗಟ್ಟಿಯಾಗಿ ಕೊಡುತ್ತಿದ್ದಾಗ ಕೂಸನ್ನು ಇಕ್ಕಳದಿಂದಲೋ (ಫೋರ್ಸೆಪ್ಸ್), ಹೀರುವ ಬಟ್ಟಲಿನಿಂದಲೋ (ವ್ಯಾಕ್ಯೂಮ್) ಎಳೆದು ತೆಗೆಯುವುದು ಜಾಸ್ತಿ ಬೇಕಾಗುತ್ತಿತ್ತು. ಈಗಿನ ತೆಳು ಔಷಧಿಯಲ್ಲಿ ಆ ವ್ಯತ್ಯಾಸ ಹೋಗಿದೆ.

ಇರುವ ಅಪಾಯಗಳನ್ನೂ ಮುಚ್ಚಿಡುವುದಿಲ್ಲ. ಬಿಪಿ ಇಳಿಯಬಹುದು, ಅದಕ್ಕೇ ಮೊದಲ ಅರ್ಧ ತಾಸು ನಾವು ಪಕ್ಕದಲ್ಲೇ ನಿಂತಿರುತ್ತೇವೆ. ಮೈ ತುರಿಕೆ ಬರಬಹುದು. ಉಚ್ಚೆ ಕಟ್ಟಬಹುದು, ಆಗ ನಳಿಕೆ ಹಾಕಿ ತೆಗೆಯುತ್ತೇವೆ. ಒಂದು ಕಡೆ ಮಾತ್ರ ನೋವು ಇಳಿದು ಇನ್ನೊಂದು ಕಡೆ ಉಳಿಯಬಹುದು. ಸುಮಾರು 100ರಲ್ಲಿ ಒಬ್ಬರಿಗೆ ಸೂಜಿ ಒಳಗಿನ ಪೊರೆಗೆ ತಾಗಿ, ಎದ್ದು ಕೂತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು ಬರಬಹುದು. ಅದಕ್ಕೆ ಚಿಕಿತ್ಸೆ ಇದೆ. "ಬಾಣಂತಿಗೆ ಗಾಳಿ ಹೊಕ್ಕಿದೆ" ಎಂದು ಮನೆಯಲ್ಲೇ ಕೂಡಿಸಬಾರದು. ಪ್ಲೇಟ್ಲೆಟ್ ಬಹಳ ಇಳಿದಿದ್ದರೆ, ರಕ್ತ ತೆಳುವಾಗುವ ಔಷಧಿ ನಡೆದಿದ್ದರೆ ಈ ಸೂಜಿ ಹಾಕುವುದಿಲ್ಲ. ಡೆಂಗಿ ಬಂದು ಹೋಗಿದ್ದರೆ ಮರೆಯದೆ ಹೇಳಿ. ಬ್ಯಾನಿ ಶುರುವಾಗುವ ಮೊದಲೇ ಮೈ ಬಿಸಿ ಇದ್ದರೆ ಅದು ಸೂಜಿಯದಲ್ಲ. ಉಚ್ಚೆ ಉರಿ, ಡೆಂಗಿ, ಬೇರೇನಾದರೂ ಇದ್ದೀತು, ಮೊದಲು ಅದನ್ನು ಹುಡುಕಬೇಕು.

ಎಪಿಡ್ಯೂರಲ್ ಬೇಡ ಅನಿಸಿದರೆ ಬೇರೆ ದಾರಿಗಳಿವೆ. ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಅರ್ಧರ್ಧ ಸೇರಿದ ಎಂಟೊನಾಕ್ಸ್ ಗಾಳಿಯನ್ನು ಮಾಸ್ಕ್‌ನಲ್ಲಿ ಎಳೆದುಕೊಳ್ಳಬಹುದು. ನೋವು ಪೂರ್ತಿ ಹೋಗುವುದಿಲ್ಲ, ತಲೆ ತಿರುಗಬಹುದು, ಆದರೆ ಈ ಜ್ವರದ ಗೊಡವೆ ಇಲ್ಲ. ಎಲ್ಲ ಆಸ್ಪತ್ರೆಗಳಲ್ಲಿ ಅದು ಇರುವುದಿಲ್ಲ. ಟ್ರಮಡಾಲ್‌ನಂಥ ಇಂಜೆಕ್ಷನ್ ನೋವಿನ ಮೊನೆ ಮುರಿಯುತ್ತದೆ. ವಾಂತಿ, ಮಂಪರು ತರುತ್ತದೆ, ಹೆರಿಗೆಗೆ ತೀರ ಹತ್ತಿರ ಕೊಟ್ಟರೆ ಕೂಸು ಹುಟ್ಟುವಾಗ ಮಂಕಾಗಿರಬಹುದು. ಇನ್ನು ನಂಬಿಕೆಯ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು ಸೊಂಟ ತಿಕ್ಕುವುದು, ಮಲಗಿಯೇ ಇರದೆ ಓಡಾಡುವುದು, ಬಿಸಿನೀರಿನ ಶಾಖ. ಇವನ್ನು ಯಾರೂ ಕಡಿಮೆ ಎಣಿಸಬೇಡಿ. ಬ್ಯಾನಿ ತಿಂದು ಹಡೆದವರು ಗಟ್ಟಿಗಿತ್ತಿಯರೇ. ಆದರೆ ನೋವು ಬೇಡ ಅಂದವಳು ಕಡಿಮೆ ತಾಯಿ ಅಲ್ಲ. ಹನ್ನೆರಡು ತಾಸು ನರಳಿ ಮುಕ್ಕಲು ಶಕ್ತಿಯೇ ಉಳಿಯದವರನ್ನೂ ನಾನು ಕಂಡಿದ್ದೇನೆ.

ನನ್ನನ್ನು ಕೇಳಿದರೆ, ಎಪಿಡ್ಯೂರಲ್ ಬೇಕೋ ಬೇಡವೋ ಎನ್ನುವುದಕ್ಕಿಂತ ಮೊದಲು ಎಲ್ಲಿ ಎನ್ನುವುದನ್ನು ನೋಡಿ. ಅರಿವಳಿಕೆ ಡಾಕ್ಟರು ರಾತ್ರಿಯೂ ಒಳಗೇ ಇರುತ್ತಾರೋ, ಫೋನ್ ಮಾಡಿ ಕರೆಸಬೇಕೋ? ಸೂಜಿ ಹಾಕಿದ ಮೇಲೆ ತಾಸಿಗೋ ಎರಡು ತಾಸಿಗೋ ಒಮ್ಮೆ ಜ್ವರ ನೋಡಿ ಬರೆದಿಡುತ್ತಾರೋ? ಕೂಸಿನ ಎದೆಬಡಿತ ಬಿಡದೆ ನೋಡುವ ಯಂತ್ರ ಇದೆಯೋ? ಮಕ್ಕಳ ಡಾಕ್ಟರು, ಹಸುಗೂಸುಗಳ ತೀವ್ರ ನಿಗಾ ಕೋಣೆ (ಎನ್‌ಐಸಿಯು) ಅದೇ ಕಟ್ಟಡದಲ್ಲಿದೆಯೋ, ಇಲ್ಲ ಕೂಸನ್ನು ಬೇರೆ ಕಡೆ ಒಯ್ಯಬೇಕೋ? ಈ ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ನಿಮ್ಮ ಜಾಗದಲ್ಲಿ ನಾನಿದ್ದರೂ ಎಪಿಡ್ಯೂರಲ್ ತೆಗೆದುಕೊಳ್ಳುತ್ತಿದ್ದೆ. ಸಿಗದಿದ್ದರೆ ಆ ಜಾಗದಲ್ಲಿ ಬೇಡ ಎನ್ನುತ್ತೇನೆ. ಕಲಬುರಗಿಗೆ ಬಂದು ಸೇರುವ ಮೊದಲೇ ನೀರು ಒಡೆದರೆ ಗಡಿಯಾರ ನೋಡಿ ಆ ಹೊತ್ತನ್ನು ಬರೆದುಕೊಳ್ಳಿ. ಬೆಳತನಕ ಕಾಯಬೇಡಿ. ಜ್ವರದ ಲೆಕ್ಕದಲ್ಲಿ ಆ ಒಂದು ಸಮಯ ನಮಗೆ ಬಹಳ ಬೇಕಾಗುತ್ತದೆ.

ಇನ್ನೊಂದು ಮಾತು, ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ. ಸೂಜಿಯ ಜ್ವರ ಹೆರಿಗೆ ಆದ ಮೇಲೆ ತಾನಾಗಿ ಇಳಿಯುತ್ತದೆ, ಬಹುತೇಕ ಒಂದು ದಿನದ ಒಳಗೆ. ಮನೆಗೆ ಹೋದ ಮೇಲೆ ಬರುವ ಜ್ವರ ಸೂಜಿಯದಲ್ಲ. ಕತ್ತಲೆ ಕೋಣೆ, ಹೊರಸಿನ ಕೆಳಗೆ ಕೆಂಡ, ತಲೆತುಂಬ ಬಟ್ಟೆ, ಇವುಗಳ ನಡುವೆ ಬಾಣಂತಿಗೆ ಜ್ವರ ಬಂದಿದೆ ಎಂಬುದೇ ಎರಡು ದಿನ ಗೊತ್ತಾಗುವುದಿಲ್ಲ. 100.4 ದಾಟಿದರೆ, ಕೆಳಗಿನಿಂದ ಹೋಗುವ ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ, ಕೆಳಹೊಟ್ಟೆ ನೋಯುತ್ತಿದ್ದರೆ ಆ ದಿನವೇ ಆಸ್ಪತ್ರೆಗೆ ಬನ್ನಿ. ಕಾಲಿನ ಜೋಮು ಬಿಡದಿದ್ದರೆ, ಬೆನ್ನು ನೋವಿನ ಜೊತೆ ಜ್ವರ ಬಂದರೆ ಇನ್ನೂ ಬೇಗ. ಅದು ಬಹಳ ಅಪರೂಪ, ಆದರೆ ತಡ ಮಾಡುವಂಥದ್ದಲ್ಲ.

ಮುಂದಿನ ತಪಾಸಣೆಗೆ ಹೋಗುವಾಗ ಅಕ್ಕನ ಡಿಸ್ಚಾರ್ಜ್ ಕಾರ್ಡ್ ಜೊತೆಗೆ ಒಯ್ಯಿರಿ, ಕೂಸಿನದೂ ಒಯ್ಯಿರಿ. ಅದರಲ್ಲಿ ಬ್ಲಡ್ ಕಲ್ಚರ್ ಎಂಬ ಸಾಲು ಇರುತ್ತದೆ. ಅಲ್ಲಿ "ನೋ ಗ್ರೋತ್" ಎಂದು ಬರೆದಿದ್ದರೆ ಕೂಸಿನ ರಕ್ತದಲ್ಲಿ ಕ್ರಿಮಿ ಬೆಳೆದಿರಲಿಲ್ಲ ಎಂದು ಅರ್ಥ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಆ ಸಾಲನ್ನು ಡಾಕ್ಟರ ಬಾಯಿಂದಲೇ ಅವರು ಕೇಳಲಿ.